ಬೆನ್ನ ಮೇಲಿನ ಹಸಿರು

ವೈಜಿನಾಥ ಮುಖ ಬರೆಯುವುದಿಲ್ಲ. ಔರಾದ ಸೀಮೆಯ ಕುರಿಗಾರರ ಮನೆಯಲ್ಲಿ ಹುಟ್ಟಿ ಬೀದರಿನಲ್ಲಿ ಹೆಸರು ಮಾಡಿದ ಈ ಚಿತ್ರಕಾರ ಬರೆಯುವುದೆಲ್ಲ ಬೆನ್ನು. ಮೂಟೆ ಹೊತ್ತ ಬೆನ್ನು, ಕಳೆ ಕೀಳಲು ಬಾಗಿದ ಬೆನ್ನು, ಸುಮ್ಮನೆ ಕೂತ ಬೆನ್ನು. ಎಲ್ಲಕ್ಕೂ ಮಣ್ಣಿನ ಕೆಂಪು, ಮಸಿಯ ಕಪ್ಪು. ಕೊನೆಗೆ ಸೊಂಟದ ಮೇಲೆ ಅಂಗೈ ಅದ್ದಿ ಒತ್ತಿದ ಒಂದು ಹಸಿರು. ಪತ್ರಿಕೆಯವರು ಅದನ್ನು ಚಿಗುರು ಎಂದರು, ಭರವಸೆ ಎಂದರು. ವೈಜಿನಾಥ ಗಡ್ಡ ಸವರಿಕೊಂಡು ಹೌದೆಂದ. ಹೊಗಳುವವರ ಬಾಯಿಗೆ ಅಡ್ಡ ಹೋಗುವಷ್ಟು ದಡ್ಡ ಅವನಲ್ಲ.

ಅದು ಚಿಗುರಲ್ಲ ಎಂದು ಹೆಂಡತಿ ಸಿದ್ದೇಶ್ವರಿಗೆ ಗೊತ್ತಿತ್ತು. ಅವಳೂ ಕುರಿಗಾರರ ಮಗಳೇ, ಭಾಲ್ಕಿ ತಾಲೂಕಿನ ಮೆಹಕರದವಳು. ಅವರಲ್ಲಿ ವ್ಯಾಪಾರ ಕುದುರಿದ ಕುರಿಯ ಸೊಂಟಕ್ಕೆ ಹಸಿರು ಒತ್ತುತ್ತಾರೆ, ಕಸಾಯಿಖಾನೆಯ ಗಾಡಿಗೆ ಯಾವುದನ್ನು ಹತ್ತಿಸಬೇಕೆಂದು ತಿಳಿಯಲಿ ಅಂತ. ಗುರುತು ಬಿದ್ದ ಮೇಲೆ ಮನೆಯವರು ಆ ಕುರಿಯ ಮುಖ ನೋಡುವುದಿಲ್ಲ. ನೋಡಿದರೆ ಕರುಳು ಚುರ್ರೆನ್ನುತ್ತದೆ. ವೈಜಿನಾಥನ ಮನೆಯಲ್ಲಿ ಈ ಕೆಲಸ ಚಿಕ್ಕಂದಿನಿಂದ ಅವನದೇ. ಹಿಂದಿನಿಂದ ಸದ್ದಿಲ್ಲದೆ ಹೋಗಿ, ಎಡಗೈಯಲ್ಲಿ ಕತ್ತು ಸವರುತ್ತ, ಬಣ್ಣದ ಬಲಗೈ ಒತ್ತಿಬಿಡುತ್ತಿದ್ದ. ಕುರಿ ಅದನ್ನು ಮುದ್ದು ಎಂದುಕೊಂಡು ಸುಮ್ಮನೆ ನಿಲ್ಲುತ್ತಿತ್ತು. ಮದುವೆಯಾದ ಹೊಸತರಲ್ಲಿ ಇದನ್ನೆಲ್ಲ ಅವನೇ ನಗುತ್ತ ಹೇಳಿದ್ದ. ಆಗ ಅವಳೂ ನಕ್ಕಿದ್ದಳು.

ಬಣ್ಣ ಕಲೆಸುವುದನ್ನು ಅವನಿಗೆ ಕಲಿಸಿದವನು ಲಾಲ ಅಹ್ಮದ, ಗಾಂಧಿ ಗಂಜಿನ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು. ಇರಲು ಕೋಣೆ ಕೊಟ್ಟ, ತನ್ನ ರೊಟ್ಟಿಯಲ್ಲಿ ಅರ್ಧ ಕೊಟ್ಟ, ಬಿಡುವಾದಾಗ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಅಷ್ಟೂರಿಗೆ ಒಯ್ದ. ಅಲ್ಲಿನ ಸುಲ್ತಾನರ ಗೋರಿಯ ಗುಮ್ಮಟದೊಳಗೆ ಅಂಗಾತ ಮಲಗಿ, ಮೇಲಿನ ಚಿತ್ತಾರದ ಕೆಂಪು ಕತ್ತಲಲ್ಲಿ ಹೇಗೆ ಉರಿಯುತ್ತದೆಂದು ವೈಜಿನಾಥ ನೋಡಿ ಕಲಿತ. ಅವನಿಗೆ ಬಹುಮಾನ ತಂದ ಮೊದಲ ಚಿತ್ರ ಲಾಲ ಅಹ್ಮದನ ಬೆನ್ನು. ಅದಾದ ಮೇಲೆ ಲಾಲ ಅಹ್ಮದ ಎದುರಿಗೆ ಸಿಕ್ಕರೂ ವೈಜಿನಾಥ ಪರಿಚಯವಿಲ್ಲದವನಂತೆ ದಾಟಿಹೋದ.

ಹೋದ ವರ್ಷ ತಾಯಿ ಹೀರಾಬಾಯಿಯ ಬೆನ್ನು ಬರೆದ. ಹಸಿರು ಒಣಗುವುದರೊಳಗೆ ಮುದುಕಿಯ ಗಂಟುಮೂಟೆ ಭಾಲ್ಕಿಯ ಮಗಳ ಮನೆ ಸೇರಿತು.

"ಬರದು ಮುಗಿಸಿದವರು ಕಣ್ಣ ಮುಂದ ಇದ್ರ ನನಗ ಮುಂದಿನ ಚಿತ್ರ ಹೊಳಿಯೂದಿಲ್ಲ," ಎಂದು ಹೆಂಡತಿಗೆ ಹೇಳಿದ. ಕಲೆಗಾಗಿಯಂತೆ. ಆ ಹೆಸರು ಹೇಳಿಕೊಂಡು ಎಂಥ ನೀಚತನಕ್ಕೂ ಕೈಹಾಕಬಹುದು ನೋಡಿ.

ಈ ಬೇಸಿಗೆಯಲ್ಲಿ ಅವನು ಸಿದ್ದೇಶ್ವರಿಯನ್ನು ಕರೆದು, "ಗ್ವಾಡಿ ಕಡಿ ಮುಖ ಮಾಡಿ ಕೂಡು," ಎಂದಾಗ ಅವಳಿಗೆ ಭಾಲ್ಕಿಗೆ ಹೋದ ಅತ್ತೆಯ ಗಂಟುಮೂಟೆ ನೆನಪಾಯಿತು. ಆದರೂ ಕೂತಳು. ಚಿತ್ರ ತಯಾರಾಗುತ್ತ ಬಂದಂತೆ ಕದ್ದು ನೋಡಿದಳು. ಕುಪ್ಪಸದ ಹೊಲಿಗೆ ಬಿಚ್ಚಿದ ಜಾಗ, ಹೆಗಲ ಮೇಲಿನ ಸುಟ್ಟ ಕಲೆ, ಒಂದನ್ನೂ ಅವನು ಬಿಟ್ಟಿರಲಿಲ್ಲ. ಇಷ್ಟು ವರ್ಷ ತನ್ನ ಕಡೆ ಕಣ್ಣೆತ್ತಿಲ್ಲ ಎಂದು ಅವಳು ಅಂದುಕೊಂಡಿದ್ದ ಗಂಡ ಎಲ್ಲವನ್ನೂ ನೋಡಿದ್ದಾನೆ. ಅವಳಿಗೆ ಅಳು ಬಂತು. ಸೊಂಟದ ಮೇಲೆ ಹಸಿರು ಇನ್ನೂ ಬಿದ್ದಿರಲಿಲ್ಲ.

"ನನಗ ಹಸರ ಹಚ್ಚಬ್ಯಾಡ್ರಿ," ಎಂದಳು. "ಕೈ ಮುಗಿತೇನಿ."

"ಹಸರ ಇಲ್ಲಂದ್ರ ಅದು ನನ್ನ ಚಿತ್ರ ಹ್ಯಾಂಗ ಆಗ್ತದ?"

"ಮತ್ತ ನಾ ಎಲ್ಲಿ ಹೋಗ್ಲಿರಿ?"

ಅವನು ಕುಂಚ ತೊಳೆಯುತ್ತಿದ್ದ. ತಲೆಯೆತ್ತಲಿಲ್ಲ. "ಮೆಹಕರದಾಗ ನಿಮ್ಮಣ್ಣನ ಮನಿ ಅದಲ್ಲ," ಎಂದ.

ಆದರೂ ಆಸೆ ಎಂಬುದು ಸುಲಭಕ್ಕೆ ಸಾಯುವುದಿಲ್ಲ. ಪ್ರದರ್ಶನದ ದಿನ ಸಿದ್ದೇಶ್ವರಿ ಹೊಸ ಇಳಕಲ್ ಸೀರೆ ಉಟ್ಟು ಬೀದರಿನ ಸಭಾಂಗಣಕ್ಕೆ ಹೋದಳು. ಕರೆಯದಿದ್ದರೂ ಹೀರಾಬಾಯಿ ಭಾಲ್ಕಿಯಿಂದ ಬಸ್ಸು ಹಿಡಿದು ಬಂದಿದ್ದಳು. ಮಗನಿಗೆ ಶಾಲು ಹೊದಿಸುತ್ತಾರಂತೆ, ನೋಡಬೇಡವೇ ಎಂದು ಸೊಸೆಗೆ ಹೇಳಿ ಮುಂದಿನ ಸಾಲಿನಲ್ಲೇ ಕೂತಳು.

ವೈಜಿನಾಥನಿಗೆ ಒಂದು ಶೋಕಿ ಇತ್ತು. ಕೊನೆಯ ಹಸಿರನ್ನು ಅವನು ಜನರ ಎದುರಿಗೇ ಒತ್ತುತ್ತಿದ್ದ. ಕಾರ್ಯಕ್ರಮ ಏರ್ಪಡಿಸಿದ್ದ ಸುಶೀಲಕುಮಾರ ಬಣ್ಣದ ತಟ್ಟೆ ತಂದು ಹಿಡಿದ. ವೈಜಿನಾಥ ಎಡಗೈಯಲ್ಲಿ ಚಿತ್ರದ ಕತ್ತನ್ನು ಮೆಲ್ಲಗೆ ಸವರಿದ. ಬಲಗೈ ಒತ್ತಿದ. ಮೊಬೈಲುಗಳು ಮೇಲೆದ್ದವು, ಚಪ್ಪಾಳೆ ಬಿತ್ತು. ಅವನು ಒಮ್ಮೆಯೂ ಹೆಂಡತಿಯ ಕಡೆ ನೋಡಲಿಲ್ಲ.

ಸಿದ್ದೇಶ್ವರಿ ಅಳಲಿಲ್ಲ. ಅಳುವುದೆಲ್ಲ ಮನೆಯಲ್ಲೇ ಮುಗಿದಿತ್ತು. ಹಸಿರಿನ ತಟ್ಟೆ ಮೇಜಿನ ಮೇಲೆ ಉಳಿದಿತ್ತು. ಜನ ವೇದಿಕೆಯ ಕಡೆ ತಿರುಗಿದಾಗ ಅವಳು ಬಲಗೈ ಅದ್ದಿಕೊಂಡು, ಮೆಟ್ಟಿಲ ಬಳಿ ನಿಂತಿದ್ದ ಗಂಡನ ಹಿಂದೆ ಹೋದಳು.

"ಛಲೋ ಆಯ್ತು ನೋಡ್ರಿ," ಎಂದು ಎಡಗೈಯಲ್ಲಿ ಅವನ ಕತ್ತು ಸವರಿದಳು. ಬಲಗೈಯನ್ನು ಬಿಳಿ ಜುಬ್ಬದ ಸೊಂಟಕ್ಕೆ ಒತ್ತಿದಳು.

ಸೆಕೆಗೆ ಜುಬ್ಬ ಮೊದಲೇ ಒದ್ದೆಯಾಗಿ ಮೈಗಂಟಿತ್ತು. ಅವನಿಗೆ ಏನೂ ತಿಳಿಯಲಿಲ್ಲ. ಹೆಂಡತಿ ಒಪ್ಪಿಕೊಂಡಳು, ಇನ್ನು ರಂಪವಿಲ್ಲದೆ ಹೋಗುತ್ತಾಳೆ ಎಂದುಕೊಂಡು ಹಗುರಾಗಿ ಮೆಟ್ಟಿಲು ಹತ್ತಿದ.

ವೇದಿಕೆಯ ಮೇಲೆ ದೀಪ ಹಚ್ಚಲು ಅವನು ಸಭೆಗೆ ಬೆನ್ನು ಮಾಡಿ ಬಾಗಿದ. ಹಸಿರು ಅಂಗೈ ಎಲ್ಲರಿಗೂ ಕಂಡಿತು. ಇದೂ ಕಲೆಯೇ ಇರಬೇಕೆಂದು ಜನ ಮತ್ತಷ್ಟು ಚಪ್ಪಾಳೆ ತಟ್ಟಿದರು. ಹೀರಾಬಾಯಿ ಮಾತ್ರ ತಟ್ಟಲಿಲ್ಲ. ಅವಳು ಸೊಸೆಯ ಹಸಿರು ಮೆತ್ತಿದ ಕೈ ನೋಡಿದಳು.

ಹೆಗಲಿಗೆ ಶಾಲು ಬಿದ್ದಾಗ ವೈಜಿನಾಥ ತಿರುಗಿ, ಮುಂದಿನ ಸಾಲಿನಲ್ಲಿ ಅವ್ವನನ್ನು ಕಂಡ. ಏನನ್ನಿಸಿತೋ, ಅವಳತ್ತ ನೋಡಿ ನಕ್ಕ. ಹೀರಾಬಾಯಿ ಸೆರಗು ಎಳೆದುಕೊಂಡು ಮುಖ ಆಚೆ ತಿರುಗಿಸಿದಳು.