ಕಾಕು ಬೆಳಗಿದ ಚೀನಾ ನಾಣ್ಯ

ನಿನ್ನೆ ದೇವರ ಸಾಮಾನು ಬೆಳಗಲು ಹುಣಸೆಹಣ್ಣು ನೆನೆಸಿದ್ದೆ. ಹಿತ್ತಾಳೆಗೆ ಹುಳಿ ತಾಗಿದ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಕಾಕು, ನನಗೆ ಚಿಕ್ಕಮ್ಮನಂತಿದ್ದವರು, ನೆನಪಾದರು… ಕೈ ಅಲ್ಲೇ ನಿಂತಿತು.

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಅವರ ಗಂಡ ಮುಂಬೈಗೆ ಹೋಗಿ ಸರಕಿನ ಹಡಗಿನಲ್ಲಿ ಅಡುಗೆ ಕೆಲಸಕ್ಕೆ ಸೇರಿದವರು ತಿರುಗಿ ಬರಲಿಲ್ಲ. ಜೊತೆಗಿದ್ದವನೊಬ್ಬ ಬಂದು, ಚೀನಾದ ಯಾವುದೋ ಬಂದರಿನಲ್ಲಿ ಇಳಿದವರು ಹಡಗು ಹೊರಟರೂ ಬರಲಿಲ್ಲ ಎಂದ. ಹಿಂದಿನ ದಿನ ಅವರು ಅದೇ ಊರಿನ ಸಂತೆಯಲ್ಲಿ ಕೊಂಡು ಹಡಗಿನಲ್ಲೇ ಬಿಟ್ಟಿದ್ದೆಂದು ಚೌಕ ತೂತಿನ ಹಳೆಯ ನಾಣ್ಯವೊಂದನ್ನು ಕೊಟ್ಟು ಹೋದ. ಊರಿನ ಹೆಸರು ಅವನಿಗೆ ನೆನಪಿರಲಿಲ್ಲ. ಹಡಗಿನ ಕಂಪನಿಯೂ ಬಾಗಿಲು ಮುಚ್ಚಿತ್ತು.

ಕಾಕು ನಾಣ್ಯವನ್ನು ದೇವರ ಜಗಲಿಯ ಮೇಲೆ ಮೂರ್ತಿಗಳ ನಡುವೆ ಇಟ್ಟರು. ಅಮಾವಾಸ್ಯೆ ಬಂದರೆ ಸಾಕು, ಅದಕ್ಕೂ ಹುಣಸೆಹಣ್ಣು, ಇಟ್ಟಿಗೆ ಪುಡಿ. “ನಿಮ್ಮ ಕಾಕಾನ ಮಾರಿ ತೊಳದಂಗ ಅನಸ್ತದ ಬೇ ನನಗ” ಎನ್ನುತ್ತಿದ್ದರು.

ಎಷ್ಟೋ ವರ್ಷದ ಮೇಲೆ, ತಿಕೋಟಾದಲ್ಲಿ ಹಳೇ ನಾಣ್ಯ ಓದಬಲ್ಲ ನಿವೃತ್ತ ಮಾಸ್ತರರಿದ್ದಾರೆ, ಚೀನಾ ನಾಣ್ಯದ ಮೇಲೆ ಊರಿನ ಹೆಸರೂ ಇರುತ್ತದಂತೆ ಎಂದು ಯಾರೋ ಅವರ ಕಿವಿಗೆ ಹಾಕಿದರು. ಊರು ತಿಳಿದರೆ ಹುಡುಕಿಸಬಹುದಲ್ಲ! ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದರು.

ಮಾಸ್ತರರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ತೂತಿನ ಮೇಲೆ, ಕೆಳಗೆ ಇರುವುದು ರಾಜನ ಆಳ್ವಿಕೆಯ ಹೆಸರು, ಕಾಲ ಗೊತ್ತಾಗುವುದೇ ಅದರಿಂದ ಎಂದರು. ಅಳಿದುಳಿದ ಗೆರೆ ನೋಡಿ, ಚೀನಾದ ಕೊನೆಯ ರಾಜಮನೆತನದ್ದು ಎಂದರು. ಆಮೇಲೆ ನಾಣ್ಯ ಮಗುಚಿದರು.

“ಇಲ್ಲಿ ನಾಣ್ಯ ಅಚ್ಚ ಹಾಕಿದ ಟಂಕಸಾಲಿ ಊರಿನ ಹೆಸರ ಇರ್ತಿತ್ತವಾ. ಪೂರಾ ಸವದ ಹೋಗ್ಯಾದ. ಉಜ್ಜೀರೇನು?”

“ದೇವರ ಕೂಡ ಇಟ್ಟಿದ್ದೆ ರೀ…” ಕಾಕು ನಾಣ್ಯಕ್ಕೆ ಕೈ ಚಾಚಿದರು. “ನನ್ನ ಕೈಯಾರೆ ಅಳಿಸಿಬಿಟ್ಟೆ ನೋಡ್ರಿ.”

ನಾಣ್ಯ ಕೈಯಿಂದ ಕೈಗೆ ದೇಶವೆಲ್ಲ ತಿರುಗಿರುತ್ತದೆ, ಹೆಸರಿದ್ದರೂ ನಿಮ್ಮವರು ಇಳಿದ ಊರು ಅದೇ ಅಂತಿಲ್ಲ ಎಂದು ಮಾಸ್ತರರು ಎಷ್ಟು ಹೇಳಿದರೂ ಅವರ ಕಿವಿಗೆ ಬೀಳಲಿಲ್ಲ. ಅಂದಿನಿಂದ ಕಾಕು ದೇವರನ್ನು ಬೆಳಗುವುದನ್ನೇ ಬಿಟ್ಟರು. ಜಗಲಿಯ ದೇವರೆಲ್ಲ ಕಪ್ಪಾದವು. ಓಣಿಯವರು ಆಡಿಕೊಂಡರು, ಅವರ ಬಾಯಿ ಬಡಿಯಬೇಕು ಎನ್ನುವಷ್ಟು ಸಿಟ್ಟು ಬರುತ್ತಿತ್ತು ನನಗೆ.

ಕಾಕು ತೀರಿಕೊಂಡ ದಿನ ಹೆಣದ ಮುಂದೆಯೇ ಹಿರಿಯರಲ್ಲಿ ವಾದ ಎದ್ದಿತು. ಮುತ್ತೈದೆಯೆಂದು ಉಡಿ ತುಂಬಿ ಕಳಿಸುವುದೋ, ವಿಧವೆಯೆಂದು ಬಳೆ ಒಡೆಯುವುದೋ?

“ಗಂಡ ಅದಾನೋ ಇಲ್ಲೋ, ಯಾರ್ ಹೇಳಬೇಕು?” ಎಂದರೊಬ್ಬರು.

ನಾನೇ ಹೋಗಿ ಹಣೆ ತುಂಬ ಕುಂಕುಮ ಹಚ್ಚಿದೆ.

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ಕಾಕಾ ಇಂದಿಗೂ ಬಂದಿಲ್ಲ. ಒಂದು ವೇಳೆ ಬಂದು ಆ ಬಾಗಿಲು ಬಡಿದರೆ, ಗುರುತು ಹಿಡಿದು ಹೇಳಬೇಕಾದವಳು ಓಣಿಯಲ್ಲಿ ನಾನೊಬ್ಬಳೇ ಉಳಿದಿದ್ದೇನೆ… ಏನೆಂದು ಹೇಳಲಿ?