ಅತ್ತಿಗೆ ಇಟ್ಟ ಮುಹೂರ್ತ

ನೀನು ಕೆಲಸಕ್ಕೆ ಸೇರಿದ ದಿನವನ್ನು ನಾನು ಪಂಚಾಂಗ ನೋಡಿ ಇಟ್ಟದ್ದಲ್ಲ, ಲಲಿತಾ — ನನ್ನ ಅನುಕೂಲ ನೋಡಿ ಇಟ್ಟದ್ದು. ಇಷ್ಟನ್ನು ಹೇಳಲು ನನಗೆ ಸುಮಾರು ಇಪ್ಪತ್ತು ವರ್ಷ ಬೇಕಾಯಿತು. ಯಾಕೆಂದರೆ — ಬೇಡ, ಕಾರಣ ಕೊಡಲು ಹೊರಟರೆ ಅದೂ ಇನ್ನೊಂದು ಸುಳ್ಳಾಗುತ್ತದೆ.

ನನ್ನ ಜಂಬ ನಿನಗೆ ಗೊತ್ತಿದ್ದದ್ದೇ. ಜೋಯಿಸರ ಮನೆಯ ಮಗಳು, ಸರ್ಕಾರಿ ಪ್ರೌಢಶಾಲೆಯ ಗಣಿತದ ಮೇಡಂ. ಮಾರೇನಹಳ್ಳಿಯ ನಮ್ಮ ಬೀದಿಯಲ್ಲಿ ಗೃಹಪ್ರವೇಶವಿರಲಿ, ನಾಮಕರಣವಿರಲಿ, "ಮೇಡಂ, ಒಂದು ಒಳ್ಳೇ ದಿನ ನೋಡ್ಕೊಡಿ" ಎಂದು ನಮ್ಮ ಬಾಗಿಲಿಗೇ ಬರುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಈ ಮನೆಯಲ್ಲಿ ನನ್ನ ಮಾತಿಗೆ ಎದುರಾಡಿದವರಿಲ್ಲ. ನಾದಿನಿಯಾದ ನೀನಂತೂ ಇಲ್ಲವೇ ಇಲ್ಲ.

ಗಂಡನನ್ನು ಕಳೆದುಕೊಂಡು, ಪುಟ್ಟ ಪಲ್ಲವಿಯನ್ನು ಕಂಕುಳಲ್ಲಿ ಎತ್ತಿಕೊಂಡು ನೀನು ತವರಿಗೆ ಬಂದಾಗ ನಿನ್ನ ಬೆನ್ನು ಹತ್ತಿದವಳು ನಾನೇ. "ಓದು, ಪರೀಕ್ಷೆ ಕಟ್ಟು, ಟೀಚರ್ ಕೆಲಸ ಹಿಡಿ. ಪಿಂಚಣಿ ಇರೋ ಕೆಲಸ ಕಣೇ, ಮುದುಕಿ ಆದ್ಮೇಲೆ ಯಾರ ಮುಂದೇನೂ ಕೈ ಚಾಚ್ಬೇಕಾಗಿಲ್ಲ." ನೀನು ಓದಿದೆ. ಗೆದ್ದೆ. ಬ್ಯಾಡರಹಳ್ಳಿಯಾಚೆಯ ಶಾಲೆಗೆ ನೇಮಕದ ಆದೇಶ ಬಂದಾಗ ಬೀದಿಗೆಲ್ಲ ಸಕ್ಕರೆ ಹಂಚಿದವಳೂ ನಾನೇ. ಆ ಹೆಮ್ಮೆ ಮಾತ್ರ ಸುಳ್ಳಲ್ಲ.

ಅದೇ ವಾರ ನಿಮ್ಮಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮಗ್ಗುಲು ಬದಲಿಸುವುದಕ್ಕೂ ಒಬ್ಬ ಹೆಂಗಸು ಪಕ್ಕದಲ್ಲಿರಬೇಕು. ನನಗೋ, ಆ ವರ್ಷ ಮೊದಲ ಸಲ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕಿಯ ಜವಾಬ್ದಾರಿ ಸಿಕ್ಕಿತ್ತು. ಬೇರೆಯವರಿಗೆ ಒಪ್ಪಿಸಬಹುದಿತ್ತು. ಆ ಕುರ್ಚಿ ಬಿಟ್ಟುಕೊಡಲು ಮನಸ್ಸು ಬರಲಿಲ್ಲ. "ಲಲಿತಾ, ಎರಡು ವಾರ ತಡವಾಗಿ ಸೇರು, ನನಗೆ ಸಹಾಯ ಮಾಡು" ಎಂದು ಬಾಯಿಬಿಟ್ಟು ಕೇಳಿದ್ದರೆ ನೀನು ಖಂಡಿತ ಒಪ್ಪುತ್ತಿದ್ದೆ. ಕೇಳುವುದಕ್ಕೂ ನನ್ನ ಜಂಬ ಬಿಡಲಿಲ್ಲ. ಸೋಮವಾರವೇ ಹೋಗಿ ಸೇರಲೇ ಎಂದು ನೀನು ಬಂದು ನಿಂತಾಗ ಪಂಚಾಂಗ ಬಿಡಿಸಿದೆ, ನೋಡಿದೆ, ಮುಚ್ಚಿದೆ.

"ಬೇಡ ಕಣೇ, ದಿನ ಚೆನ್ನಾಗಿಲ್ಲ. ಹಳೇ ಸಂವತ್ಸರದ ಕೊನೇಲಿ ಹೊಸ ಕೆಲಸಕ್ಕೆ ಸೇರ್ಬಾರ್ದು. ಯುಗಾದಿ ಆಗ್ಲಿ, ಆಮೇಲೆ ಗುರುವಾರ ಒಳ್ಳೇ ಮುಹೂರ್ತ ಇದೆ."

"ನೀವು ಹೇಳಿದ್ಮೇಲೆ ಆಯ್ತು ಅತ್ತಿಗೆ," ಎಂದೆ ನೀನು. ನೀನು ಮನೆಯಲ್ಲಿ ಅಮ್ಮನ ಸೇವೆ ಮಾಡಿದೆ, ನಾನು ಕುರ್ಚಿಯಲ್ಲಿ ಕುಳಿತೆ. ಹೇಳುವುದು ಶಾಸ್ತ್ರ, ಹಾಕುವುದು ಗಾಳ.

ಯುಗಾದಿ ಕಳೆದು ನೀನು ಸೇರಿದೆ. ಅಷ್ಟರಲ್ಲಿ ಹೊಸ ನಿಯಮ ಬಂದಿತ್ತು — ಆ ಏಪ್ರಿಲ್‌ನಿಂದ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ. ಸಂಬಳದಲ್ಲಿ ಹಿಡಿದ ಹಣ ಮಾರುಕಟ್ಟೆಗೆ ಹೋಗುತ್ತದೆ, ಕೊನೆಗೆ ಎಷ್ಟು ಬರುತ್ತದೋ ಅಷ್ಟು. ನಿನ್ನ ಜೊತೆಯಲ್ಲೇ ಆದೇಶ ಪಡೆದು ಮಾರ್ಚಿನಲ್ಲಿ ಸೇರಿದವರಿಗೆ ಪೂರ್ತಿ ಪಿಂಚಣಿ, ನಿನಗಿಲ್ಲ. ಇಂಥ ನಿಯಮ ಬರುತ್ತದೆಂದು ನನಗೇನು ಕನಸು ಬಿದ್ದಿತ್ತೇ — ನೋಡು, ಮತ್ತೆ ಜಾರಿಕೊಳ್ಳುತ್ತಿದ್ದೇನೆ. ನಿಯಮ ಸರ್ಕಾರದ್ದು, ಸುಳ್ಳು ನನ್ನದು.

ನೀನು ಒಂದು ದಿನವೂ ನನ್ನನ್ನು ದೂರಲಿಲ್ಲ. "ನನ್ನ ಹಣೇಬರಹ ಬಿಡಿ ಅತ್ತಿಗೆ" ಎಂದುಬಿಟ್ಟೆ. ಹಲ್ಲುನೋವಿಗೂ ಡಾಕ್ಟರ ಹತ್ತಿರ ಹೋಗದೆ ಮುಪ್ಪಿಗೆಂದು ಕೂಡಿಟ್ಟೆ. ನಾನೋ, ನಿವೃತ್ತಳಾದ ಮೇಲೆ ತುಟ್ಟಿಭತ್ಯೆ ಹೆಚ್ಚಾದಾಗಲೆಲ್ಲ ನಿನ್ನೆದುರಿಗೇ ಸಂಭ್ರಮಪಟ್ಟೆ. ಟಿವಿಯಲ್ಲಿ ಷೇರುಪೇಟೆ ಕುಸಿಯಿತೆಂದು ಹೇಳಿದರೆ ಮಾತ್ರ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ.

ಹಳೆಯ ಪಿಂಚಣಿ ಬೇಕೆಂದು ನೀವೆಲ್ಲ ಬಿಸಿಲಲ್ಲಿ ಧರಣಿ ಕೂತಿರಿ. ಗಂಟಲು ಕಟ್ಟಿಸಿಕೊಂಡು ಅತ್ತಿಗುಪ್ಪೆಯಲ್ಲಿ ಮೆಟ್ರೊ ಇಳಿದು ಬಂದ ನಿನಗೆ ಮೆಣಸು ಹಾಕಿ ಹಾಲು ಕಾಯಿಸಿಕೊಟ್ಟೆ. ಮಾರನೆಯ ಬೆಳಿಗ್ಗೆ ಅದೇ ಒಡಕು ದನಿಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸಲು ಹೊರಟೆಯಲ್ಲ — ಇವಳು ನಮ್ಮ ಮನೆಯ ಹುಡುಗಿ ಎಂದು ಬಾಗಿಲಲ್ಲಿ ನಿಂತು ಎದೆಯುಬ್ಬಿಸಿದೆ. ಬಾಯಿ ಮಾತ್ರ ಬಿಡಲಿಲ್ಲ.

ಕೊನೆಗೂ ಸರ್ಕಾರ ಒಪ್ಪಿತು. ನೇಮಕಾತಿ ಆ ಏಪ್ರಿಲ್‌ಗಿಂತ ಮೊದಲೇ ಶುರುವಾಗಿದ್ದರೆ, ಸೇರಿದ್ದು ತಡವಾದರೂ ಹಳೆಯ ಪಿಂಚಣಿ ಎಂದಾಯಿತು. ನಿನಗೂ ಸಿಕ್ಕಿತು. ಅಂದು ನಾನು ಒಬ್ಬಟ್ಟು ಮಾಡಿದೆ. ಎಲ್ಲ ನಿನ್ನ ಸಂತೋಷಕ್ಕೆಂದು ನೀನು ತಿಳಿದೆ. ಅದರಲ್ಲಿ ಅರ್ಧ, ನಾನು ಪಾರಾದೆನೆಂಬ ಸಂತೋಷ.

ಹೋದ ತಿಂಗಳು ನಿನ್ನ ಬೀಳ್ಕೊಡುಗೆ. ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು. ಊರಿನವರೆಲ್ಲ ಶಾಲೆಯಂಗಳದಲ್ಲಿ ತುಂಬಿದ್ದರು. ಮೈಕು ಹಿಡಿದು ನೀನು ಹೇಳಿದೆ: "ನಮ್ಮತ್ತಿಗೆ ಇಟ್ಟ ಮುಹೂರ್ತ ಇದು. ತಡವಾಗಿ ಕೊಡ್ತು, ಆದ್ರೆ ಕೈ ಬಿಡ್ಲಿಲ್ಲ." ನನ್ನನ್ನು ವೇದಿಕೆಗೆ ಕರೆದು ನಿನ್ನ ಶಾಲನ್ನೇ ನನಗೆ ಹೊದಿಸಿದೆ. ಸತ್ಯ ಹೇಳುತ್ತೇನೆ — ಆ ಚಪ್ಪಾಳೆಗೆ ನನಗೆ ಹೆಮ್ಮೆಯೇ ಆಯಿತು. ಒಂದು ಗಳಿಗೆ, ನನ್ನ ಸುಳ್ಳನ್ನು ನಾನೇ ನಂಬಿಬಿಟ್ಟೆ.

ನಿನ್ನೆ ಪಲ್ಲವಿಗೂ ಸರ್ಕಾರಿ ಶಾಲೆಯ ಕೆಲಸದ ಆದೇಶ ಬಂತು. ನೀನು ಪಂಚಾಂಗ ಹಿಡಿದು ಮಹಡಿಯಿಂದ ಇಳಿದು ಬಂದೆ. "ಇವ್ಳಿಗೂ ನೀವೇ ದಿನ ನೋಡಿ ಅತ್ತಿಗೆ, ನಿಮ್ಮ ಕೈಗುಣ ಒಳ್ಳೇದು." ನೋಡೋಣ ಎಂದೆ. ಪಂಚಾಂಗ ನೀನು ಇಟ್ಟಲ್ಲೇ ಇದೆ. ಇನ್ನು ನಾನು ಯಾರಿಗೂ ದಿನ ನೋಡಿಕೊಡುವುದಿಲ್ಲ.

ದಿನಾ ಬೆಳಿಗ್ಗೆ ಕಾಫಿಗೆ ನೀನೇ ಕೆಳಗೆ ಬರುತ್ತೀಯ. ನಾಳೆ ಬರಬೇಡ. ಮಂಡಿ ಎಷ್ಟೇ ನೋಯಲಿ, ಲೋಟ ಹಿಡಿದು ನಾನೇ ಮೆಟ್ಟಿಲು ಹತ್ತಿ ಬರುತ್ತೇನೆ; ಇಲ್ಲಿ ಬರೆದದ್ದನ್ನೆಲ್ಲ ನಿನ್ನ ಮುಖ ನೋಡಿಯೇ ಹೇಳುತ್ತೇನೆ. ಪಲ್ಲವಿ ನಾಳೆಯೇ ಹೋಗಿ ಸೇರಲಿ, ರಾಹುಕಾಲವಿದ್ದರೂ ಸರಿ. ನೀನು ಬೈದರೂ ಸರಿ, ಮಾತು ಬಿಟ್ಟರೂ ಸರಿ.

ನೀನು ಕೇಳಿದ ಆ ಸೋಮವಾರ ಅನೂರಾಧ ನಕ್ಷತ್ರವಿತ್ತು, ಲಲಿತಾ. ಬಲು ಒಳ್ಳೆಯ ದಿನ.