ಪುಟ್ಟಿ ಹಚ್ಚದ ಪೈಪು

ಕ್ಲೋತಿಲ್ದ್ ಗ್ರೋಸ್ಪೆಲಿಯೆಗೆ ಬೇಕಾಗಿದ್ದದ್ದು ಒಂದು ಕುರ್ಚಿ. ಫ್ರಾನ್ಸಿನ ಸ್ಯಾಂ-ಕ್ಲೋದ್ ಊರಿನ, ತಂಬಾಕು ಸೇದುವ ಪೈಪು ಮಾಡುವ ಕಾರ್ಖಾನೆಯಲ್ಲಿ, ಕಿಟಕಿ ಪಕ್ಕ, ಕೆತ್ತುವವರ ಸಾಲಿನಲ್ಲಿ. ಆ ಸಾಲಿನಲ್ಲಿ ಅಲ್ಲಿಯವರೆಗೆ ಹೆಂಗಸು ಕೂತಿರಲಿಲ್ಲ.

ಹೆಂಗಸರದು ಪುಟ್ಟಿ ಮೇಜು. ಪೈಪು ಮಾಡುವ ಬ್ರಯರ್ ಗಿಡದ ಬೇರುಗಂಟಿನಲ್ಲಿ ಹುಟ್ಟಾ ಗುಳಿಗಳಿರುತ್ತವೆ. ನುಣುಪು ಪೈಪಿನಲ್ಲಿ ಅವು ಕಾಣದ ಹಾಗೆ ಪುಟ್ಟಿ ಎಂಬ ಅಂಟುಮೆತ್ತು ತುಂಬಿ ಸವರುವುದು ಅವರ ಕೆಲಸ. ಗುಳಿ ಹೆಚ್ಚಿದ್ದರೆ ಪೈಪಿನ ತಂಬಾಕು ತುಂಬುವ ಬಟ್ಟಲು ಗಂಡಸರ ಕೈಗೆ ಹೋಗುತ್ತಿತ್ತು. ಅವರು ಮೈಯೆಲ್ಲ ಒರಟಾಗಿ ಕೆತ್ತಿ, ಕಪ್ಪು ಬಣ್ಣ ಕೊಟ್ಟು, ಗುಳಿಯನ್ನು ಒರಟಿನಲ್ಲೇ ಕರಗಿಸಿಬಿಡುತ್ತಿದ್ದರು.

ಆ ವಸಂತದಲ್ಲಿ ಒಬ್ಬ ಕೆತ್ತುವವನು ಬಾಚಣಿಗೆ ಕಾರ್ಖಾನೆಗೆ ಹೊರಟುಹೋದ. ಕ್ಲೋತಿಲ್ದ್ ನೇರವಾಗಿ ಪೆರಾರ್ ಮೇಸ್ತ್ರಿಯ ಎದುರು ನಿಂತು ಆ ಕುರ್ಚಿ ಕೇಳಿದಳು.

“ನೀನಾ? ಅದಕ್ಕೆ ಮಣಿಕಟ್ಟು ಗಟ್ಟಿ ಬೇಕಮ್ಮ.”

“ಎರಡಿದಾವೆ ಮೇಸ್ತ್ರಿ. ನಾಲ್ಕು ಮಕ್ಕಳ ಬಟ್ಟೆ ಹಿಂಡಿರೋವು.”

ಮೇಸ್ತ್ರಿ ನಕ್ಕ. “ಒಂದು ಕೆತ್ತಿ ತೋರ್ಸು. ಅಂತೆಲ್ಮಜ್ಜ ಹೂಂ ಅಂದ್ರೆ ಕುರ್ಚಿ ನಿಂದು.”

ಅಂತೆಲ್ಮ್ ಆ ಸಾಲಿನ ಹಿರಿಯ. ಬಾಯಿ ಬಿಟ್ಟರೆ ಕುಟುಕು.

ಕ್ಲೋತಿಲ್ದ್ ಮೊಳೆಗಳನ್ನು ಒತ್ತಾಗಿ ಕಟ್ಟಿ ತುದಿ ಚೂಪು ಮಾಡಿದ ಉಪಕರಣ ಹಿಡಿದಳು. ಬಟ್ಟಲನ್ನು ಎಡ ಅಂಗೈಗೆ ಕಟ್ಟಿದ್ದ ತೊಗಲಿನ ಪಟ್ಟಿಯ ಮೇಲಿಟ್ಟು ಒತ್ತಿದಳು, ತಿರುವಿದಳು, ಎತ್ತಿದಳು. ಚೂರು ಹಾರಿತು. ಮೈ ತುಂಬ ಹಾಗೆಯೇ ಮಾಡಿ, ಬಣ್ಣ ಕೊಟ್ಟು, ಒಣಗಿಸಿ ತಂದಳು. ಅಂತೆಲ್ಮ್ ಅದನ್ನು ಬೆಳಕಿಗೆ ಹಿಡಿದ. ಕಪ್ಪಿನ ನಡುವೆ ಒಂದು ಬೂದು ಚುಕ್ಕೆ. ಉಗುರು ತಾಗಿಸಿದ್ದೇ ತಡ, ಚುಕ್ಕೆ ಕಳಚಿ ಮೇಜಿನ ಮೇಲೆ ಬಿತ್ತು.

“ಪುಟ್ಟಿ!” ಅವನು ಸಾಲಿಗೆಲ್ಲ ಕೇಳುವಂತೆ ಕೂಗಿದ. “ಒರಟು ಮಾಡೋ ಪೈಪಿಗೆ ಪುಟ್ಟಿ ಹಚ್ಚಿದಾಳೆ ಮಾರಾಯ್ತಿ! ಕೆಸರಿಗೆ ಇಳಿಯೋ ಹಂದಿಗೆ ಸ್ನಾನ ಮಾಡ್ಸಿದ ಹಾಗೆ!”

ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳಿಗೆ ಅದನ್ನು ಹಚ್ಚಿದ್ದೇ ನೆನಪಿರಲಿಲ್ಲ. ಗುಳಿ ಕಂಡಿದ್ದೇ ಬೆರಳು ತಾನಾಗಿ ಡಬ್ಬಿಗೆ ಹೋಗಿತ್ತು.

“ಇನ್ನೊಂದು ಕೊಡಿ,” ಎಂದಳು.

“ಇದೇ ಕೊನೇದು,” ಎಂದ ಮೇಸ್ತ್ರಿ.

ಬುಟ್ಟಿಯಿಂದ ಅವಳು ಅತಿ ಹೆಚ್ಚು ಗುಳಿಯಿದ್ದ ಬಟ್ಟಲನ್ನೇ ಆರಿಸಿದಳು. ಪುಟ್ಟಿ ಡಬ್ಬಿಯನ್ನು ಪುಟ್ಟಿ ಮೇಜಿನಲ್ಲಿ ತನ್ನ ಪಕ್ಕ ಕೂರುವ ಯೂಜೆನಿಯ ಕೈಗೆ ಕೊಟ್ಟು, “ನಾನು ಕೇಳಿದ್ರೂ ಕೊಡಬೇಡ ಕಣೇ,” ಎಂದಳು. ಈ ಸಲ ಗುಳಿಯಿಂದಲೇ ಶುರುಮಾಡಿದಳು. ಒಂದೊಂದರ ಸುತ್ತಲೂ ಅಂಥವೇ ತಗ್ಗುಗಳನ್ನು ತೆಗೆಯುತ್ತ ಹೋದಂತೆ ಯಾವುದು ಮರದ್ದು, ಯಾವುದು ಮೊಳೆಯದ್ದು ಅನ್ನುವುದು ಗೊತ್ತಾಗದಂತಾಯಿತು. ಬಟ್ಟಲಿನ ಗೋಡೆ ತೆಳುವಾದರೆ ಕೆಂಡ ತೂತು ಮಾಡುತ್ತದೆ. ಅದಕ್ಕೆ ಆಗಾಗ ಒಂದು ಬೆರಳು ಒಳಗೆ, ಒಂದು ಹೊರಗೆ ಇಟ್ಟು ದಪ್ಪ ನೋಡುತ್ತಿದ್ದಳು. ತಂತಿ ಬ್ರಷ್ಷಿನಿಂದ ಸಿಬಿರು ಕೆರೆದು, ಕಪ್ಪು ಕೊಟ್ಟು, ಉಬ್ಬುಗಳನ್ನಷ್ಟೇ ಉಪ್ಪುಕಾಗದದಿಂದ ಸವರಿ ಕೆಂಪು ಬಣ್ಣ ಎಳೆದಳು. ತಗ್ಗು ಕಪ್ಪಾಗಿ ಉಳಿಯಿತು, ಉಬ್ಬು ಕೆಂಡದಂತೆ ಹೊಳೆಯಿತು.

ಅಂತೆಲ್ಮ್ ಉಗುರಿನಿಂದ ಎಲ್ಲೆಡೆ ಕೆದಕಿದ. ಏನೂ ಉದುರಲಿಲ್ಲ.

“ಚಂದ ಇದೆ. ಆದ್ರೆ ಜೇಬಲ್ಲಿಟ್ಟರೆ ಕೋಟು ಹರೀತದೆ, ಹೆಂಗಸರ ಕೆತ್ತನೆ.”

ಕ್ಲೋತಿಲ್ದ್ ಕೈಚೀಲದಿಂದ ಒಂದು ಹಳೆಯ ನೈಲಾನ್ ಕಾಲುಚೀಲ ತೆಗೆದು, ಪೈಪನ್ನು ಅದರೊಳಗೆ ಹಾಕಿ ಎಳೆದಳು. ನೀರಲ್ಲಿ ಮೀನು ಜಾರಿದಂತೆ ಹೊರಬಂತು.

“ಈಗ ನಿಮ್ಮದು ಕೊಡಿ ಅಜ್ಜ.”

“ನನ್ನ ಪೈಪಿಗೆ ಕಾಲುಚೀಲ ಹಾಕ್ತೀಯಾ?” ಎನ್ನುತ್ತಲೇ ಆಗತಾನೇ ಮುಗಿಸಿದ್ದನ್ನು ಕೊಟ್ಟ. ಅದು ನಡುದಾರಿಯಲ್ಲೇ ಸಿಕ್ಕಿಕೊಂಡಿತು. ನೈಲಾನ್ ಪರ್ರೆಂದು ಬಾಯಿ ಬಿಟ್ಟಿತು. ಸಾಲಿನಲ್ಲಿ ಮೊದಲು ಸೀಟಿ ಹೊಡೆದವನು ಅಂತೆಲ್ಮನ ಸ್ವಂತ ಅಳಿಯ.

ಅಂತೆಲ್ಮ್ ಹರಿದ ಕಾಲುಚೀಲವನ್ನು ಬೆರಳಿಗೆ ಸಿಕ್ಕಿಸಿಕೊಂಡು ನೋಡಿದ, ಅವಳ ಪೈಪನ್ನು ಇನ್ನೊಮ್ಮೆ ಸವರಿದ.

“ಹೂಂ,” ಎಂದ.

“ಜೋರಾಗಿ ಹೇಳಿ ಅಜ್ಜ!” ಯೂಜೆನಿ ಕೂಗಿದಳು.

“ಹೂಂ ಅಂದೆನಲ್ಲೇ! ಕಿವಿಗೂ ಪುಟ್ಟಿ ತುಂಬ್ಕೊಂಡಿದೀರಾ?”

ಪುಟ್ಟಿ ಮೇಜಿನ ಹೆಂಗಸರು ಡಬ್ಬಿಗಳನ್ನು ಬಡಿದ ಸದ್ದು ಕೆಳಗಿನ ಬೀದಿಗೂ ಕೇಳಿಸಿತು. ಕ್ಲೋತಿಲ್ದ್ ಖಾಲಿ ಕುರ್ಚಿಯ ಮೇಲಿನ ಮರದ ಪುಡಿಯನ್ನು ಏಪ್ರನ್ನಿನಿಂದ ಒರೆಸಿ, ಕೂತು, ಬೆಳಕು ಎಡಗಡೆಯಿಂದ ಬೀಳುವಂತೆ ಅದನ್ನು ಎಳೆದುಕೊಂಡಳು.